‘ಗೆಟ್’ ಪದಕ್ಕೆ ಎಷ್ಟು ಅರ್ಥ? ಯಾವ ಅರ್ಥಕ್ಕೆ ಯಾವ ಪರ್ಯಾಯ?

ಇಂಗ್ಲಿಷಿನ ‘ಗೆಟ್’ ಪದದ ಅರ್ಥ ಕೇಳಿದರೆ ಹೆಚ್ಚಿನವರು ತಟ್ಟನೆ ಹೇಳುವುದು ‘ಪಡೆ’ ಅಥವಾ ‘ಹೊಂದು’. ಶಾಲೆಯಲ್ಲಿ ಕಲಿಸಿದ್ದೂ ಅದನ್ನೇ. ಆದರೆ ‘ಇಟ್ಸ್ ಗೆಟಿಂಗ್ ಡಾರ್ಕ್’ ಅಂದಾಗ ಯಾರೂ ಏನನ್ನೂ ಪಡೆಯುತ್ತಿಲ್ಲ, ಕತ್ತಲಾಗುತ್ತಿದೆ ಅಷ್ಟೆ. ‘ಐ ಗಾಟ್ ಮೈ ಹೇರ್ ಕಟ್’ ಅಂದರೆ ಕಟಿಂಗ್ ಮಾಡಿಸಿಕೊಂಡೆ. ‘ವೆನ್ ಡಿಡ್ ಯು ಗೆಟ್ ಹೋಮ್?’ ಅಂದರೆ ಮನೆಗೆ ಬಂದದ್ದು ಎಷ್ಟು ಹೊತ್ತಿಗೆ. ‘ಡು ಯು ಗೆಟ್ ಇಟ್?’ ಅಂದರೆ ತಿಳೀತಾ. ಇವುಗಳಲ್ಲಿ ಒಂದಕ್ಕೂ ‘ಪಡೆ’ ಒಗ್ಗುವುದಿಲ್ಲ.

ಇಷ್ಟೂ ಅರ್ಥಗಳನ್ನು ಉರು ಹೊಡೆಯಬೇಕಾಗಿಲ್ಲ. ಎರಡು ಸಂಗತಿ ಹಿಡಿದುಕೊಂಡರೆ ಬಹುಪಾಲು ಬಗೆಹರಿಯುತ್ತದೆ. ಮೊದಲನೆಯದು, ಗೆಟ್ ಬದಲಾವಣೆಯನ್ನು ಹೇಳುವ ಕ್ರಿಯಾಪದ. ‘ಹ್ಯಾವ್ ಎ ಕಾರ್’ ಅಂದರೆ ಕಾರಿದೆ, ‘ಗೆಟ್ ಎ ಕಾರ್’ ಅಂದರೆ ಇಲ್ಲದಿದ್ದ ಕಾರು ಈಗ ಬರುತ್ತದೆ. ‘ಬಿ ಆಂಗ್ರಿ’ ಅಂದರೆ ಸಿಟ್ಟಿನಲ್ಲಿರುವುದು, ‘ಗೆಟ್ ಆಂಗ್ರಿ’ ಅಂದರೆ ಸಿಟ್ಟಾಗುವುದು. ‘ಬಿ ಇನ್ ಮೈಸೂರು’ ಅಂದರೆ ಮೈಸೂರಿನಲ್ಲಿರುವುದು, ‘ಗೆಟ್ ಟು ಮೈಸೂರು’ ಅಂದರೆ ಮೈಸೂರು ತಲುಪುವುದು. ಇರುವುದಕ್ಕೆ ‘ಹ್ಯಾವ್’ ಮತ್ತು ‘ಬಿ’, ಆ ಇರುವಿಕೆಗೆ ಬಂದು ಸೇರುವುದಕ್ಕೆ ‘ಗೆಟ್’. ಎರಡನೆಯದು, ಆ ಬದಲಾವಣೆ ಯಾವ ಬಗೆಯದು ಎಂಬುದನ್ನು ಗೆಟ್ ತಾನಾಗಿ ಹೇಳುವುದಿಲ್ಲ, ಅದರ ಮುಂದೆ ಬರುವ ಪದ ಹೇಳುತ್ತದೆ. ಹಾಗಾಗಿ ಅರ್ಥ ಬೇಕಾದಾಗ ನೋಡಬೇಕಾದ್ದು ಗೆಟ್‌ನ ಬಲಗಡೆಗೆ.

ಪದದ ಹುಟ್ಟಿನಲ್ಲೂ ಇದರ ಸುಳಿವಿದೆ. 9ನೇ ಶತಮಾನದಿಂದ ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲೆಯೂರಿದ ವೈಕಿಂಗರ ಹಳೆಯ ನಾರ್ಸ್ ಭಾಷೆಯಲ್ಲಿ ‘ಗೆಟಾ’ ಎಂದರೆ ದೊರಕಿಸಿಕೊಳ್ಳು, ತಲುಪು ಎಂದಿತ್ತು. ಅದೇ ಇಂಗ್ಲಿಷಿಗೆ ಬಂದು ಗೆಟ್ ಆಯಿತು. ಹಳೆಯ ಇಂಗ್ಲಿಷಿನಲ್ಲೂ ಇದರ ದಾಯಾದಿ ಧಾತು ಇತ್ತು, ಆದರೆ ಬಹುಮಟ್ಟಿಗೆ ಉಪಸರ್ಗ ಅಂಟಿಸಿಕೊಂಡೇ ಓಡಾಡುತ್ತಿತ್ತು. ‘ಫರ್ಗೆಟ್’ ಆ ಕುಟುಂಬದ್ದು: ಹಿಡಿದದ್ದು ಹಿಡಿತ ತಪ್ಪಿ ಜಾರುವುದು, ಅಂದರೆ ಮರೆಯುವುದು.

ಮುಂದೆ ವಸ್ತುವಿನ ಹೆಸರು ಬಂದರೆ

‘ಗೆಟ್’ ಆದ ಮೇಲೆ ನಾಮಪದ ಬಂದರೆ ಸಿಗು, ಪಡೆ, ಕೊಳ್ಳು, ತರು, ಗಳಿಸು ಮುಂತಾದ ಅರ್ಥಗಳು. ಪರ್ಯಾಯ ಪದಗಳು ಅತಿ ಹೆಚ್ಚು ಇರುವುದೂ, ಹೆಚ್ಚು ತಪ್ಪಾಗಿ ಬಳಕೆಯಾಗುವುದೂ ಇಲ್ಲೇ. ರಿಸೀವ್, ಅಬ್ಟೇನ್, ಅಕ್ವೈರ್, ಗೇನ್, ಅರ್ನ್, ವಿನ್, ಪ್ರೊಕ್ಯೂರ್, ಸೆಕ್ಯೂರ್, ಅಟೇನ್, ಫೆಚ್. ಪರ್ಯಾಯ ಪದಕೋಶದಲ್ಲಿ ಇವೆಲ್ಲ ಒಂದೇ ಸಾಲಿನಲ್ಲಿ ಕೂತಿರುತ್ತವೆ. ಒಂದನ್ನು ತೆಗೆದು ಇನ್ನೊಂದರ ಜಾಗದಲ್ಲಿಟ್ಟರೆ ವಾಕ್ಯ ಕೆಡುತ್ತದೆ. ಯಾವುದನ್ನು ಆರಿಸಬೇಕೆಂದು ತಿಳಿಯಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಬಂದದ್ದು ಹೇಗೆ ಬಂತು?

ನೀವು ಕೈಯಾಡಿಸದೆ ತಾನಾಗಿ ಬಂದರೆ ‘ರಿಸೀವ್’. ಪತ್ರ, ಕರೆ, ಪಾರ್ಸೆಲ್, ದೂರು, ಸನ್ಮಾನ ಎಲ್ಲ ಈ ಗುಂಪಿನವು. ಕೇಳಿ, ಅರ್ಜಿ ಹಾಕಿ, ಓಡಾಡಿ ಪಡೆದರೆ ‘ಅಬ್ಟೇನ್’. ಜಾತಿ ಪ್ರಮಾಣಪತ್ರ, ವೀಸಾ, ಅನುಮತಿ, ಮಾಹಿತಿ ಹಕ್ಕಿನಡಿ ತೆಗೆದ ದಾಖಲೆ, ಇವಕ್ಕೆ ಅಬ್ಟೇನ್ ಸರಿ. ‘ಐ ಅಬ್ಟೇನ್ಡ್ ಎ ಗಿಫ್ಟ್ ಫ್ರಮ್ ಮೈ ಅಂಕಲ್’ ಅಂದರೆ ಮಾವನ ಬಳಿ ಅರ್ಜಿ ಗುಜರಾಯಿಸಿ ಉಡುಗೊರೆ ತೆಗೆದುಕೊಂಡಂತೆ ಕೇಳುತ್ತದೆ.

‘ಅಕ್ವೈರ್’ ನಿಧಾನವಾಗಿ ಕೂಡಿಬರುವುದಕ್ಕೆ ಅಥವಾ ದೊಡ್ಡ ಆಸ್ತಿಯನ್ನು ತನ್ನದಾಗಿಸಿಕೊಳ್ಳುವುದಕ್ಕೆ. ಹೆಸರು, ಅಭ್ಯಾಸ, ಕೌಶಲ, ಭಾಷೆ ಒಂದು ಕಡೆ. ಜಮೀನು, ಕಂಪನಿ, ಷೇರು ಇನ್ನೊಂದು ಕಡೆ. 1894ರ ಭೂಸ್ವಾಧೀನ ಕಾಯ್ದೆಯ ಇಂಗ್ಲಿಷ್ ಹೆಸರಿನಲ್ಲಿದ್ದ ‘ಅಕ್ವಿಸಿಷನ್’, ಅದರ ಬದಲಿಗೆ ಬಂದ 2013ರ ಕಾಯ್ದೆಯ ಹೆಸರಿನಲ್ಲೂ ಉಳಿದಿದೆ. ಮಗು ತಾಯ್ನುಡಿಯನ್ನು ಕಲಿಯುವುದಕ್ಕೂ ಭಾಷಾಶಾಸ್ತ್ರಜ್ಞರು ಇದೇ ಪದ ಬಳಸುತ್ತಾರೆ, ಯಾಕೆಂದರೆ ಅದು ಪಾಠ ಹೇಳಿಸಿಕೊಂಡು ಬಂದದ್ದಲ್ಲ, ಕೂಡಿಬಂದದ್ದು. ಅಂಗಡಿಯಿಂದ ಅರ್ಧ ಲೀಟರ್ ಹಾಲು ತಂದದ್ದಕ್ಕೆ ಅಕ್ವೈರ್ ಹಾಕಿದರೆ ನಗೆಪಾಟಲು.

ದುಡಿಮೆಗೆ ಪ್ರತಿಯಾಗಿ ಬಂದರೆ ‘ಅರ್ನ್’. ಸಂಬಳ, ಬಡ್ಡಿ, ಗೌರವ, ನಂಬಿಕೆ ಇಲ್ಲಿಗೆ ಸೇರುತ್ತವೆ. ಸ್ಪರ್ಧೆಯಲ್ಲಿ ಇನ್ನೊಬ್ಬರನ್ನು ಹಿಂದೆ ಹಾಕಿ ಬಂದರೆ ‘ವಿನ್’. ಮೊದಲೇ ಇದ್ದದ್ದು ಹೆಚ್ಚಾದರೆ ‘ಗೇನ್’: ತೂಕ, ಅನುಭವ, ಧೈರ್ಯ, ವೇಗ. ವಯಸ್ಸು ಅಥವಾ ಗುರಿಯ ಮಟ್ಟ ಮುಟ್ಟಿದರೆ ‘ಅಟೇನ್’. 18 ತುಂಬಿದವರ ಬಗ್ಗೆ ಕಾನೂನಿನ ಕಾಗದದಲ್ಲಿ ‘ಅಟೇನ್ಡ್ ಮೆಜಾರಿಟಿ’ ಎಂದಿರುತ್ತದೆ. ‘ಸೆಕ್ಯೂರ್’ ಕೈತಪ್ಪಿ ಹೋಗಬಹುದಾಗಿದ್ದನ್ನು ಭದ್ರ ಮಾಡಿಕೊಂಡಾಗ: ಸೀಟು, ಸಾಲ, ಗುತ್ತಿಗೆ. ಫಲಿತಾಂಶದ ದಿನ ನಮ್ಮ ಇಂಗ್ಲಿಷ್ ಪತ್ರಿಕೆಗಳಲ್ಲಿ ‘ಸೆಕ್ಯೂರ್ಡ್ ಫಸ್ಟ್ ರ‍್ಯಾಂಕ್’ ಎಂದು ಬರುವುದು ಇದೇ ಅರ್ಥದಲ್ಲಿ. ‘ಪ್ರೊಕ್ಯೂರ್’ ಸಂಸ್ಥೆಗಳ ಪದ. ಬೆಂಬಲ ಬೆಲೆಗೆ ಸರ್ಕಾರ ರಾಗಿ ಖರೀದಿಸಿದರೆ, ಆಸ್ಪತ್ರೆ ಟೆಂಡರ್ ಕರೆದು ಯಂತ್ರ ತರಿಸಿಕೊಂಡರೆ ಪ್ರೊಕ್ಯೂರ್. ಬರವಣಿಗೆಗೆ ತೂಕ ಬರಲಿ ಎಂದು ಕಂಡ ಕಂಡ ಕಡೆ ಗೆಟ್ ಅಳಿಸಿ ಪ್ರೊಕ್ಯೂರ್ ಹಾಕುವ ಚಾಳಿ ಮಾತ್ರ ಬಿಡುವುದೇ ಒಳ್ಳೆಯದು.

‘ಫೆಚ್’ಗೆ ಎರಡು ಮುಖ. ಒಂದು, ಅಲ್ಲಿಗೆ ಹೋಗಿ ತೆಗೆದುಕೊಂಡು ಬರುವುದು. ಕನ್ನಡದಲ್ಲಿ ಇದನ್ನು ನೋಡುವುದು ಸುಲಭ: ‘ತಗೊಂಡು ಬಾ’ ಅಂದರೆ ‘ಬ್ರಿಂಗ್’, ‘ತಗೊಂಡು ಹೋಗು’ ಅಂದರೆ ‘ಟೇಕ್’, ‘ಹೋಗಿ ತಗೊಂಡು ಬಾ’ ಅಂದರೆ ‘ಫೆಚ್’ ಅಥವಾ ‘ಗೆಟ್’. ಈಗಾಗಲೇ ಬರುವ ದಾರಿಯಲ್ಲಿರುವವರಿಗೆ ಬ್ರಿಂಗ್ ಎನ್ನಬೇಕು. ಪಕ್ಕದಲ್ಲಿ ಕೂತವರನ್ನು ಎಬ್ಬಿಸಿ ಕಳಿಸುವುದಾದರೆ ಗೆಟ್. ಎರಡನೆಯ ಮುಖ ಮಾರುಕಟ್ಟೆಯದು. ಅಡಿಕೆಗೆ ಒಳ್ಳೆಯ ಧಾರಣೆ ಸಿಕ್ಕಿತು ಎನ್ನುವುದನ್ನು ಇಂಗ್ಲಿಷಿನಲ್ಲಿ ‘ದಿ ಅರೆಕನಟ್ ಫೆಚ್ಡ್ ಎ ಗುಡ್ ಪ್ರೈಸ್’ ಎನ್ನುತ್ತಾರೆ. ಇಲ್ಲಿ ಕರ್ತೃ ಬೆಳೆಗಾರನಲ್ಲ, ಅಡಿಕೆಯೇ. ಬೆಳೆಗಾರನನ್ನು ಮುಂದಿಡಬೇಕಾದರೆ ‘ದಿ ಫಾರ್ಮರ್ ಗಾಟ್ ಎ ಗುಡ್ ಪ್ರೈಸ್’ ಎನ್ನಬೇಕು.

ಬ್ಯಾಂಕಿನ ಜಾಹೀರಾತುಗಳ ‘ಅವೇಲ್’ ಬಗ್ಗೆಯೂ ಒಂದು ಮಾತು. ‘ಅವೇಲ್ ಲೋನ್’, ‘ಅವೇಲ್ಡ್ ಲೀವ್’ ನಮ್ಮಲ್ಲಿ ಎಲ್ಲರಿಗೂ ತಿಳಿಯುತ್ತದೆ. ಬ್ರಿಟನ್, ಅಮೆರಿಕದ ಇಂಗ್ಲಿಷಿನಲ್ಲಿ ಆ ಕ್ರಿಯಾಪದ ಹೆಚ್ಚಾಗಿ ‘ಅವೇಲ್ ಯುವರ್‌ಸೆಲ್ಫ್ ಆಫ್’ ಎಂಬ ಉದ್ದನೆಯ ರೂಪದಲ್ಲಿ ನಡೆಯುತ್ತದೆ, ಅದೂ ಅಪರೂಪಕ್ಕೆ. ರಜೆಗೆ ‘ಟೇಕ್’, ಸಾಲಕ್ಕೆ ‘ಗೆಟ್’ ಅಥವಾ ‘ಟೇಕ್ ಔಟ್’ ಸಾಕು.

ಮುಂದೆ ಗುಣವಾಚಕ ಬಂದರೆ ಅದು ‘ಆಗು’

ಗೆಟ್ ಟೈರ್ಡ್, ಗೆಟ್ ವೆಟ್, ಗೆಟ್ ರೆಡಿ, ಗೆಟ್ ಬೆಟರ್. ಸುಸ್ತಾಗು, ಒದ್ದೆಯಾಗು, ತಯಾರಾಗು, ವಾಸಿಯಾಗು. ನಿಘಂಟು ‘ಪಡೆ’ ಎಂದರೂ ಮಾತಿನಲ್ಲಿ ಗೆಟ್‌ಗೆ ನಿಜವಾದ ಜೊತೆಗಾರ ಕನ್ನಡದ ‘ಆಗು’ವೇ. ಇಲ್ಲಿ ಗೆಟ್‌ಗೆ ಪರ್ಯಾಯ ‘ಬಿಕಮ್’. ಆದರೆ ಒಂದು ಗಡಿಯಿದೆ. ಆಗು ಎಂಬುದು ನಾಮಪದದ ಜೊತೆಗೂ ಹೋಗುತ್ತದೆ: ಡಾಕ್ಟರಾದ, ಮಂತ್ರಿಯಾದ. ಗೆಟ್ ಹಾಗೆ ಹೋಗುವುದಿಲ್ಲ. ‘ಹಿ ಗಾಟ್ ಎ ಡಾಕ್ಟರ್’ ಅಂದರೆ ಡಾಕ್ಟರನ್ನು ಕರೆತಂದ. ಡಾಕ್ಟರಾದ ಎನ್ನಲು ‘ಬಿಕೇಮ್ ಎ ಡಾಕ್ಟರ್’ ಎಂದೇ ಹೇಳಬೇಕು.

ಕೆಲವು ಬದಲಾವಣೆಗಳಿಗೆ ಇಂಗ್ಲಿಷ್ ಬೇರೆ ಬೇರೆ ಕ್ರಿಯಾಪದಗಳನ್ನೇ ಕಟ್ಟಿಕೊಟ್ಟಿದೆ. ಕೆಡುವುದಕ್ಕೆ ಹೆಚ್ಚಾಗಿ ‘ಗೋ’: ಹಾಲು ‘ಗೋಸ್ ಸೋರ್’, ಹಣ್ಣು ‘ಗೋಸ್ ಬ್ಯಾಡ್’, ತಲೆ ‘ಗೋಸ್ ಬಾಲ್ಡ್’. ಬಣ್ಣ ಮತ್ತು ವಯಸ್ಸಿಗೆ ‘ಟರ್ನ್’: ಎಲೆ ‘ಟರ್ನ್ಸ್ ಯೆಲ್ಲೋ’, ಅಪ್ಪ ‘ಟರ್ನ್ಡ್ ಸಿಕ್ಸ್ಟಿ’. ನಿದ್ದೆ, ಕಾಯಿಲೆ, ಪ್ರೀತಿಗೆ ‘ಫಾಲ್’. ಕನಸು ನನಸಾಗುವುದಕ್ಕೆ ‘ಕಮ್ ಟ್ರೂ’. ಇವಕ್ಕೆ ನಿಯಮ ಹುಡುಕುತ್ತ ಕೂರುವ ಬದಲು ಜೋಡಿಯಾಗಿಯೇ ನೆನಪಿಟ್ಟುಕೊಳ್ಳುವುದು ವಾಸಿ.

ಜಾಗದ ಹೆಸರು ಬಂದರೆ ತಲುಪು. ಇಲ್ಲಿ ಅಡಚಣೆ ‘ಟು’ದು. ‘ಗೆಟ್ ಟು ದಿ ಸ್ಟೇಷನ್’ಗೆ ಟು ಬೇಕು, ‘ಗೆಟ್ ಹೋಮ್’, ‘ಗೆಟ್ ದೇರ್’ಗೆ ಬೇಡ. ಪರ್ಯಾಯವಾದ ‘ರೀಚ್’ಗೆ ಎಲ್ಲೂ ಟು ಬೇಡ, ‘ಅರೈವ್’ಗೆ ಟು ಅಲ್ಲ, ‘ಆಟ್’ ಅಥವಾ ‘ಇನ್’. ‘ಆಫೀಸಿಗೆ ತಲುಪಿದೆ’ ಎನ್ನುವಾಗಿನ ‘ಗೆ’ ನಮ್ಮನ್ನು ‘ರೀಚ್ಡ್ ಟು ಆಫೀಸ್’ ಎಂದು ಬರೆಸುತ್ತದೆ.

ಮಾಡಿಸಿಕೊಳ್ಳುವುದು, ಬೈಸಿಕೊಳ್ಳುವುದು

‘ನಾನು ಬೈಕ್ ರಿಪೇರಿ ಮಾಡಿಸಿದೆ.’ ಇದನ್ನು ಇಂಗ್ಲಿಷಿಗೆ ತರುವಾಗ ಎಡವದವರು ಕಡಿಮೆ. ‘ಐ ರಿಪೇರ್ಡ್ ಮೈ ಬೈಕ್’ ಎಂದರೆ ನೀವೇ ಸ್ಪ್ಯಾನರ್ ಹಿಡಿದಿರಿ ಎಂದಾಯಿತು. ‘ಐ ಗಾಟ್ ರಿಪೇರ್ಡ್ ಮೈ ಬೈಕ್’ ವಾಕ್ಯವೇ ಅಲ್ಲ. ಸರಿಯಾದ್ದು ‘ಐ ಗಾಟ್ ಮೈ ಬೈಕ್ ರಿಪೇರ್ಡ್’.

ಇದರ ಅಚ್ಚು ಹೀಗೆ: ಮೊದಲು ಗೆಟ್, ಆಮೇಲೆ ವಸ್ತು, ಕೊನೆಗೆ ಕ್ರಿಯಾಪದದ ಮೂರನೆಯ ರೂಪ. ಕನ್ನಡದಲ್ಲಿ ‘ಮಾಡು’ಗೆ ‘-ಇಸು’ ಸೇರಿದರೆ ‘ಮಾಡಿಸು’. ಪ್ರತ್ಯಯವು ಕ್ರಿಯಾಪದಕ್ಕೇ ಅಂಟುತ್ತದೆ. ಅದಕ್ಕೇ ನಮ್ಮ ಮನಸ್ಸು ಗೆಟ್ ಮತ್ತು ರಿಪೇರ್ಡ್ ಎರಡನ್ನೂ ಪಕ್ಕಪಕ್ಕ ತಂದು ಅಂಟಿಸುತ್ತದೆ. ಇಂಗ್ಲಿಷಿನಲ್ಲಿ ಆ ಎರಡರ ನಡುವೆ ವಸ್ತು ಕೂರಲೇಬೇಕು. ‘ಗೆಟ್ ದಿ ಹೌಸ್ ಪೇಂಟೆಡ್’, ‘ಗೆಟ್ ಯುವರ್ ಬ್ಲಡ್ ಟೆಸ್ಟೆಡ್’, ‘ಗೆಟ್ ದಿ ಡಾಕ್ಯುಮೆಂಟ್ಸ್ ಅಟೆಸ್ಟೆಡ್’. ಗೆಟ್ ಜಾಗದಲ್ಲಿ ‘ಹ್ಯಾವ್’ ಹಾಕಿದರೆ ಸ್ವಲ್ಪ ಗಂಭೀರ, ಅರ್ಥ ಅದೇ. ಹ್ಯಾವ್ ಹಾಕಿದಾಗ ಕ್ರಮದ ಬಗ್ಗೆ ಇನ್ನೂ ಹುಷಾರಾಗಿರಬೇಕು: ‘ಐ ಹ್ಯಾಡ್ ಮೈ ಹೇರ್ ಕಟ್’ ಅಂದರೆ ಕಟಿಂಗ್ ಮಾಡಿಸಿಕೊಂಡೆ, ‘ಐ ಹ್ಯಾಡ್ ಕಟ್ ಮೈ ಹೇರ್’ ಅಂದರೆ ಅಷ್ಟರಲ್ಲಾಗಲೇ ನಾನೇ ಕತ್ತರಿ ಆಡಿಸಿದ್ದೆ.

ಯಾರಿಂದ ಮಾಡಿಸಿದ್ದು ಎಂದು ಹೇಳಬೇಕಾದಾಗ ಅಚ್ಚು ಬದಲಾಗುತ್ತದೆ. ‘ಐ ಗಾಟ್ ದಿ ಮೆಕ್ಯಾನಿಕ್ ಟು ಚೆಕ್ ದಿ ಬ್ರೇಕ್.’ ಇಲ್ಲಿ ‘ಟು’ ಕಡ್ಡಾಯ. ಇದೇ ಕೆಲಸ ಮಾಡುವ ‘ಹ್ಯಾವ್’ ಮತ್ತು ‘ಮೇಕ್’ಗೆ ಟು ನಿಷಿದ್ಧ: ‘ಐ ಹ್ಯಾಡ್ ಹಿಮ್ ಚೆಕ್’, ‘ಐ ಮೇಡ್ ಹಿಮ್ ಚೆಕ್’. ಮೂರಕ್ಕೂ ಕನ್ನಡದಲ್ಲಿ ‘ಅವನ ಕೈಲಿ ನೋಡಿಸಿದೆ’ ಎಂಬ ಒಂದೇ ಮಾತು ಸಾಕಾದರೂ ಇಂಗ್ಲಿಷ್ ಕೇಳುಗರ ಕಿವಿಗೆ ಮೂರೂ ಬೇರೆ. ಗೆಟ್‌ನಲ್ಲಿ ಪುಸಲಾಯಿಸಿ, ಒಪ್ಪಿಸಿ ಮಾಡಿಸಿದ ಧ್ವನಿಯಿದೆ. ಹ್ಯಾವ್‌ನಲ್ಲಿ ಅದು ಅವನ ಕೆಲಸ, ನಾನು ಹೇಳಿದೆ, ಅವನು ಮಾಡಿದ. ಮೇಕ್‌ನಲ್ಲಿ ಬಲವಂತ. ಟೀಮಿನವರ ಬಗ್ಗೆ ಮ್ಯಾನೇಜರ್‌ಗೆ ಬರೆಯುವಾಗ ‘ಐ ಮೇಡ್ ದೆಮ್ ಸ್ಟೇ ಲೇಟ್’ ಎಂದರೆ ನೀವು ಅವರನ್ನು ಗೋಳು ಹೊಯ್ದುಕೊಂಡಂತಾಗುತ್ತದೆ.

ಈಗ ಇನ್ನೊಂದು ಬಗೆ. ವಸ್ತುವಿಲ್ಲದೆ ನೇರವಾಗಿ ಮೂರನೆಯ ರೂಪ: ಗಾಟ್ ಸ್ಕೋಲ್ಡೆಡ್, ಗಾಟ್ ಕಾಟ್, ಗಾಟ್ ಬಿಟನ್. ವ್ಯಾಕರಣದಲ್ಲಿ ಇದನ್ನು ಕರ್ಮಣಿ ಎನ್ನಬಹುದು, ಆದರೆ ‘ಬೈಯಲ್ಪಟ್ಟನು’ ಎಂದು ಯಾರೂ ಮಾತಾಡುವುದಿಲ್ಲ. ಮಾತಿನ ಕನ್ನಡದಲ್ಲಿ ಇದಕ್ಕೆ ಹೇಳಿ ಮಾಡಿಸಿದ ರೂಪವಿದೆ: ಬೈಸಿಕೊಂಡ, ಹೊಡೆಸಿಕೊಂಡ, ನಾಯಿ ಕೈಲಿ ಕಚ್ಚಿಸಿಕೊಂಡ. ಗಮನಿಸಿ, ಕಟಿಂಗ್ ‘ಮಾಡಿಸಿಕೊಂಡ’ದ್ದೂ ಅದೇ ರೂಪ. ಬೇಕೆಂದು ಮಾಡಿಸಿಕೊಂಡದ್ದಕ್ಕೂ ಬೇಡವೆಂದರೂ ಮೈಮೇಲೆ ಬಂದದ್ದಕ್ಕೂ ಕನ್ನಡ ‘-ಇಸಿಕೊಳ್ಳು’ ಒಂದನ್ನೇ ಬಳಸಿದರೆ, ಇಂಗ್ಲಿಷ್ ಗೆಟ್ ಒಂದನ್ನೇ ಬಳಸುತ್ತದೆ. ಈ ಹೊಂದಿಕೆ ಒಮ್ಮೆ ಕಣ್ಣಿಗೆ ಬಿದ್ದರೆ ಗೆಟ್‌ನ ಈ ಬಳಕೆ ತೀರಾ ಮನೆಯದೆನಿಸುತ್ತದೆ.

ಈ ಕರ್ಮಣಿ ಎಲ್ಲಿ ಬೇಕಾದರಲ್ಲಿ ನಡೆಯದು. ಏನಾದರೂ ಘಟಿಸಬೇಕು, ಅದರಿಂದ ಒಬ್ಬರಿಗೆ ಒಳಿತೋ ಕೆಡುಕೋ ತಟ್ಟಬೇಕು: ಕೆಲಸ ಹೋಯಿತು, ಬಡ್ತಿ ಬಂತು, ಆಯ್ಕೆಯಾದ, ಸಿಕ್ಕಿಬಿದ್ದ. ಹುಟ್ಟುವುದಕ್ಕೆ ‘ಗಾಟ್ ಬಾರ್ನ್’ ಇಲ್ಲ, ‘ವಾಸ್ ಬಾರ್ನ್’ ಮಾತ್ರ. ಸೇತುವೆ 1932ರಲ್ಲಿ ಕಟ್ಟಲ್ಪಟ್ಟಿತು ಎಂಬಂಥ ಒಣ ಮಾಹಿತಿಗೂ ‘ವಾಸ್ ಬಿಲ್ಟ್’ ಸರಿ. ಮದುವೆಗೆ ‘ಗಾಟ್ ಮ್ಯಾರೀಡ್ ಟು’, ಅಥವಾ ಬರೀ ‘ಮ್ಯಾರೀಡ್ ಹರ್’. ‘ಮ್ಯಾರೀಡ್ ವಿತ್’ ಎನ್ನುವಲ್ಲಿನ ವಿತ್ ನಮ್ಮ ‘ಜೊತೆ’ಯಿಂದ ನುಸುಳಿದ್ದು.

‘ನನಗೆ’ ಎಂಬಲ್ಲಿ ಎಡವುವುದು

ಕನ್ನಡಿಗರ ಇಂಗ್ಲಿಷಿನಲ್ಲಿ ಗೆಟ್ ಅಗತ್ಯಕ್ಕಿಂತ ಹೆಚ್ಚು ಬರುವುದಕ್ಕೆ ಗಟ್ಟಿ ಕಾರಣವೊಂದಿದೆ. ನಮಗೆ ಆಗುವ ಅನುಭವಗಳನ್ನು ಕನ್ನಡ ‘ನನಗೆ’ ಎಂಬ ಚತುರ್ಥಿಯಲ್ಲಿ ಹೇಳುತ್ತದೆ: ನನಗೆ ಹಸಿವಾಗ್ತಿದೆ, ನನಗೆ ನಿದ್ದೆ ಬರ್ತಿದೆ, ನನಗೆ ಕೆಲಸ ಸಿಕ್ತು, ನನಗೆ ಹೆಸರು ನೆನಪಾಗ್ತಿಲ್ಲ. ಇಂಗ್ಲಿಷಿನಲ್ಲಿ ಈ ‘ನನಗೆ’ ‘ಐ’ ಆಗಬೇಕು. ಆಗ ಆಗು, ಬರು, ಸಿಗು ಮೂರರ ಜಾಗಕ್ಕೂ ಕೈಗೆ ಸುಲಭಕ್ಕೆ ಸಿಗುವುದು ಗೆಟ್. ಕೆಲವು ಕಡೆ ಅದು ಸರಿಯಾಗಿಯೇ ಬೀಳುತ್ತದೆ. ‘ಐ ಗಾಟ್ ಎ ಜಾಬ್’, ‘ಐ ಆಮ್ ಗೆಟಿಂಗ್ ಹಂಗ್ರಿ’ ಎರಡಕ್ಕೂ ತಕರಾರಿಲ್ಲ. ಇನ್ನು ಕೆಲವು ಕಡೆ ಉರುಳಿಬೀಳುತ್ತದೆ.

‘ಐ ಆಮ್ ಗೆಟಿಂಗ್ ಸ್ಲೀಪ್’, ‘ಐ ಆಮ್ ಗೆಟಿಂಗ್ ಆಂಗರ್’: ನಿದ್ದೆ, ಕೋಪ ಕನ್ನಡದಲ್ಲಿ ನಾಮಪದ, ‘ಬರು’ ಕ್ರಿಯಾಪದ. ಇಂಗ್ಲಿಷಿನಲ್ಲಿ ಇಲ್ಲಿ ಗುಣವಾಚಕ ಬೇಕು: ಸ್ಲೀಪಿ, ಆಂಗ್ರಿ. ‘ಬೋರಾಗ್ತಿದೆ’ಗೆ ‘ಗೆಟಿಂಗ್ ಬೋರ್ಡ್’ ಎನ್ನಬೇಕು. ‘ಗೆಟಿಂಗ್ ಬೋರಿಂಗ್’ ಎಂದರೆ ನಿಮ್ಮ ಸಹವಾಸವೇ ಬೇರೆಯವರಿಗೆ ಬೇಸರ ತರಿಸುತ್ತಿದೆ ಎಂದು ನೀವೇ ಒಪ್ಪಿಕೊಂಡಂತೆ.

‘ಐ ಆಮ್ ಗೆಟಿಂಗ್ ಲೇಟ್.’ ಹೊತ್ತಾಗುತ್ತಿದೆ ಎನ್ನಲು ‘ಇಟ್ಸ್ ಗೆಟಿಂಗ್ ಲೇಟ್’. ನಾನು ತಡವಾಗಿ ಹೊರಟಿದ್ದೇನೆ, ಹೇಳಿದ ಹೊತ್ತಿಗೆ ಬರಲಾರೆ ಎನ್ನಲು ‘ಐ ಆಮ್ ರನಿಂಗ್ ಲೇಟ್’.

‘ಐ ಆಮ್ ನಾಟ್ ಗೆಟಿಂಗ್ ಹಿಸ್ ನೇಮ್’ ಅಂದರೆ ಕೇಳುವವರಿಗೆ ಹೆಸರು ಕಿವಿಗೆ ಬೀಳುತ್ತಿಲ್ಲ ಎಂದು ತಿಳಿಯುತ್ತದೆ. ನೆನಪಾಗದ್ದಕ್ಕೆ ‘ಐ ಕಾಂಟ್ ರಿಮೆಂಬರ್’ ಎನ್ನಬೇಕು. ‘ಐ ಗಾಟ್ ಎ ಡೌಟ್’ ಎಂದು ತರಗತಿಯಲ್ಲಿ ಕೈ ಎತ್ತುವುದಂತೂ ಮಾಮೂಲು. ಹೊರಗಿನವರಿಗೆ ಡೌಟ್ ಅಂದರೆ ಅನುಮಾನ, ಅವಿಶ್ವಾಸ. ಕೇಳಬೇಕಾದ್ದಿದ್ದರೆ ‘ಐ ಹ್ಯಾವ್ ಎ ಕ್ವೆಶ್ಚನ್’.

‘ದಿ ಫೈಲ್ ಈಸ್ ನಾಟ್ ಗೆಟಿಂಗ್ ಡೌನ್‌ಲೋಡೆಡ್.’ ‘ಫೈಲ್ ಡೌನ್‌ಲೋಡ್ ಆಗ್ತಿಲ್ಲ’ ಎಂಬುದರ ನಕಲು ಇದು, ಐಟಿ ಕಚೇರಿಗಳಲ್ಲಿ ದಿನವೂ ಕೇಳಿಬರುತ್ತದೆ. ಇಂಗ್ಲಿಷಿನ ರೂಢಿ ಇಲ್ಲಿ ಇನ್ನೂ ಚಿಕ್ಕದು: ‘ದಿ ಫೈಲ್ ವೋಂಟ್ ಡೌನ್‌ಲೋಡ್’. ಈ ‘ವೋಂಟ್’ ಭವಿಷ್ಯತ್ಕಾಲದ್ದಲ್ಲ, ವಸ್ತುವಿನ ಹಟಮಾರಿತನದ್ದು. ‘ದಿ ಡೋರ್ ವೋಂಟ್ ಓಪನ್’, ‘ದಿ ಕಾರ್ ವೋಂಟ್ ಸ್ಟಾರ್ಟ್’ ಕೂಡ ಹೀಗೆಯೇ. ನಿನ್ನೆಯ ಕಥೆ ಹೇಳುವಾಗ ‘ವುಡಂಟ್’.

‘ಗೊತ್ತಾಯಿತು’ ಎಂಬುದನ್ನು ‘ಐ ಗಾಟ್ ಟು ನೋ ದಟ್’ ಎಂದು ಬರೆಯುವುದೂ ಬಹಳ. ‘ಗೆಟ್ ಟು ನೋ’ಗೆ ಇಂಗ್ಲಿಷಿನಲ್ಲಿ ಮುಖ್ಯವಾಗಿ ಒಬ್ಬರ ಪರಿಚಯ ನಿಧಾನವಾಗಿ ಬೆಳೆಯುವುದು ಎಂಬ ಅರ್ಥ. ಸುದ್ದಿ ತಿಳಿಯುವುದಕ್ಕೆ ‘ಐ ಹರ್ಡ್’, ‘ಐ ಲರ್ನ್ಟ್’, ನೀವೇ ವಿಚಾರಿಸಿ ತಿಳಿದುಕೊಂಡಿದ್ದರೆ ‘ಐ ಫೌಂಡ್ ಔಟ್’. ಹಾಗೆಂದು ‘ಗೆಟ್ ಟು’ ಬಿಡಬೇಕಿಲ್ಲ. ಅವಕಾಶ ಸಿಕ್ಕಿತು ಎನ್ನಲು ಅದಕ್ಕಿಂತ ಒಳ್ಳೆಯದಿಲ್ಲ: ‘ವಿ ಗಾಟ್ ಟು ಸೀ ಜೋಗ್ ಇನ್ ದಿ ಮಾನ್ಸೂನ್’.

ಕಾಲರೂಪದ ಒಂದು ತೊಡಕೂ ಇದೆ. ಗೆಟ್‌ಗೆ ‘ಇಂಗ್’ ಸೇರಿದರೆ ಬದಲಾವಣೆ ಈಗ ನಡೆಯುತ್ತಿದೆ ಎಂಬ ಅರ್ಥ ಬರುತ್ತದೆ. ತಿಂಗಳು ತಿಂಗಳು ಬರುವ ಸಂಬಳಕ್ಕೆ ‘ಐ ಆಮ್ ಗೆಟಿಂಗ್ ಥರ್ಟಿ ಥೌಸಂಡ್’ ಎಂದರೆ ಹೊಂದುವುದಿಲ್ಲ. ‘ಐ ಗೆಟ್’ ಅಥವಾ ‘ಐ ಅರ್ನ್’. ಫೋನಿನಲ್ಲಿ ಕೇಳಿಸದಾಗ ಹೇಳುವ ‘ಐ ಆಮ್ ನಾಟ್ ಗೆಟಿಂಗ್ ಯು’ ಕೂಡ ನಮ್ಮ ಕಡೆಯದೇ. ‘ಸಾರಿ, ಐ ಡಿಡಂಟ್ ಗೆಟ್ ದಟ್’ ಅಥವಾ ‘ಡಿಡಂಟ್ ಕ್ಯಾಚ್ ದಟ್’ ಎಂದರೆ ಯಾವ ದೇಶದವರಿಗೂ ತೊಂದರೆಯಿಲ್ಲ. ಕೇಳಿಸಿಕೊಳ್ಳಬೇಕಾದ್ದು ಮಾತನ್ನು, ಮನುಷ್ಯನನ್ನಲ್ಲ.

ಬಸ್ಸು, ಕಾರು, ಚಿಕ್ಕ ಪದಗಳು

ಗೆಟ್ ಆದ ಮೇಲೆ ಆನ್, ಆಫ್, ಇನ್, ಔಟ್, ಓವರ್, ಬೈ ಮುಂತಾದ ಚಿಕ್ಕ ಪದ ಬಂದರೆ ಹೊಸ ಅರ್ಥವೇ ಹುಟ್ಟುತ್ತದೆ. ಎಲ್ಲವನ್ನೂ ಇಲ್ಲಿ ತುಂಬುವುದು ಬೇಡ, ದಿನಬಳಕೆಯ ಒಂದು ಜೋಡಿ ನೋಡೋಣ. ಒಳಗೆ ನಿಂತು ನಡೆದಾಡಬಹುದಾದ ಬಸ್ಸು, ರೈಲು, ವಿಮಾನಕ್ಕೆ ‘ಗೆಟ್ ಆನ್’, ‘ಗೆಟ್ ಆಫ್’. ಮೇಲೆ ಕೂರುವ ಸೈಕಲ್, ಬೈಕಿಗೂ ಅದೇ. ಬಗ್ಗಿ ಒಳಗೆ ತೂರಬೇಕಾದ ಕಾರು, ಟ್ಯಾಕ್ಸಿ, ಆಟೊಗೆ ‘ಗೆಟ್ ಇನ್’, ‘ಗೆಟ್ ಔಟ್’. ಗೆಟ್ ಔಟ್ ಎಂದರೆ ಆಚೆ ದಬ್ಬುವ ಮಾತೆಂದು ಅಂಜಬೇಕಿಲ್ಲ. ‘ಆಫ್ ದಿ ಕಾರ್’ ಸೇರಿದರೆ ಕಾರಿನಿಂದ ಇಳಿ ಎಂದಷ್ಟೇ. ಈ ‘ಆಫ್’ ಬಸ್ಸಿನ ‘ಆಫ್’ ಅಲ್ಲ, ಇಂಗ್ಲಿಷಿನಲ್ಲಿ ಒಂದೇ ‘ಎಫ್’ ಇರುವುದು.

ಬಸ್ಸಿನಿಂದ ‘ಗೆಟ್ ಡೌನ್’ ಆಗುವುದು ‘ಇಳಿ’ ಎಂಬುದರ ನೇರ ಅನುವಾದ. ಭಾರತದ ಇಂಗ್ಲಿಷಿನಲ್ಲಿ ಅದು ಎಷ್ಟು ಬೇರೂರಿದೆಯೆಂದರೆ ಇಲ್ಲಿ ತಪ್ಪೆನ್ನುವುದರಲ್ಲಿ ಅರ್ಥವಿಲ್ಲ. ಹೊರದೇಶದಲ್ಲಿ ಮಾತ್ರ ಜೋಪಾನ. ಅಲ್ಲಿ ಏಣಿಯಿಂದ, ಮರದಿಂದ ಇಳಿಯಲು ಗೆಟ್ ಡೌನ್. ಯಾರಾದರೂ ‘ಗೆಟ್ ಡೌನ್!’ ಎಂದು ಕೂಗಿದರೆ ತಗ್ಗು, ನೆಲಕ್ಕೆ ಬಾಗು ಎಂದರ್ಥ. ‘ಗೆಟ್ ಡೌನ್ ಟು ವರ್ಕ್’ ಅಂದರೆ ಕೆಲಸಕ್ಕೆ ಗಟ್ಟಿಯಾಗಿ ಕೂರುವುದು. ‘ಇಟ್ ಗೆಟ್ಸ್ ಮಿ ಡೌನ್’ ಅಂದರೆ ಮನಸ್ಸು ಕುಗ್ಗಿಸುತ್ತದೆ.

‘ಹ್ಯಾವ್ ಗಾಟ್’ ಎಂಬುದೊಂದು ವಿಚಿತ್ರ. ನೋಡಲು ಮುಗಿದ ಕ್ರಿಯೆ, ಅರ್ಥ ಮಾತ್ರ ವರ್ತಮಾನದ ‘ಇದೆ’: ‘ಐ ಹ್ಯಾವ್ ಗಾಟ್ ಟೂ ಸಿಸ್ಟರ್ಸ್’. ‘ಹ್ಯಾವ್ ಗಾಟ್ ಟು’ ಅಂದರೆ ಮಾಡಲೇಬೇಕು. ಆಡುಮಾತಿನಲ್ಲಿ ಇದೇ ಸವೆದು ‘ಗಾಟ’ ಆಗಿದೆ. ಅಮೆರಿಕದವರು ಇದನ್ನೂ ‘ಗಾಟನ್’ ಅನ್ನೂ ಬೇರೆ ಮಾಡಿಟ್ಟಿದ್ದಾರೆ. ಅವರ ಬಾಯಲ್ಲಿ ‘ಐ ಹ್ಯಾವ್ ಗಾಟ್ ಎ ಕಾರ್’ ಅಂದರೆ ಕಾರಿದೆ, ‘ಐ ಹ್ಯಾವ್ ಗಾಟನ್ ಎ ಕಾರ್’ ಅಂದರೆ ಕಾರು ಕೊಂಡಿದ್ದೇನೆ. ಬ್ರಿಟನ್ನಿನಲ್ಲಿ ಎರಡಕ್ಕೂ ಗಾಟ್ ಎನ್ನುವುದೇ ರೂಢಿ; ಗಾಟನ್ ‘ಇಲ್-ಗಾಟನ್’ನಂಥ ಹಳೆಯ ಜೋಡಿಗಳಲ್ಲಿ ಉಳಿದಿದೆ. ನೀವು ಯಾವ ದೇಶದ ರೂಢಿಯನ್ನಾದರೂ ಬಳಸಿ, ಒಂದೇ ಬರಹದಲ್ಲಿ ಎರಡು ರೂಢಿಗಳನ್ನೂ ಕಲಸಬೇಡಿ.

ಬರವಣಿಗೆಯಲ್ಲಿ

ಗೆಟ್ ಅಸಭ್ಯವೂ ಅಲ್ಲ, ದಡ್ಡರ ಪದವೂ ಅಲ್ಲ. ಮಾತಿಗೆ, ವಾಟ್ಸ್ಆ್ಯಪಿಗೆ, ಗೆಳೆಯರ ಪತ್ರಕ್ಕೆ ಅದೇ ಚಂದ. ವರದಿ, ಅರ್ಜಿ, ಪರೀಕ್ಷೆಯ ಪ್ರಬಂಧ, ಗ್ರಾಹಕರಿಗೆ ಕಳಿಸುವ ಮೇಲ್‌ಗಳಲ್ಲಿ ತಗ್ಗಿಸಬೇಕು, ಏಕೆಂದರೆ ಅಲ್ಲಿ ಯಾರು, ಏನು, ಹೇಗೆ ಎಂಬುದು ಖಚಿತವಾಗಿರಬೇಕು, ಗೆಟ್ ಅದನ್ನು ಮಸುಕು ಮಾಡುತ್ತದೆ.

ಉದಾಹರಣೆಗೆ ಒಂದು ಮೇಲ್: ‘ಐ ಗಾಟ್ ಯುವರ್ ಮೇಲ್. ಐ ಗಾಟ್ ಟು ನೋ ದಟ್ ದಿ ಪಾರ್ಸೆಲ್ ಗಾಟ್ ಡ್ಯಾಮೇಜ್ಡ್. ವಿ ವಿಲ್ ಗೆಟ್ ಇಟ್ ರಿಪ್ಲೇಸ್ಡ್ ಅಂಡ್ ಗೆಟ್ ಬ್ಯಾಕ್ ಟು ಯು.’ ನಾಲ್ಕು ಗೆರೆಯೂ ಇಲ್ಲ, ಐದು ಗೆಟ್. ಒಂದೊಂದನ್ನೇ ನೋಡೋಣ. ಮೊದಲನೆಯದು ತಾನಾಗಿ ಬಂದದ್ದು, ಹಾಗಾಗಿ ‘ರಿಸೀವ್’. ಆದರೆ ‘ಥ್ಯಾಂಕ್ ಯು ಫಾರ್ ಯುವರ್ ಮೇಲ್’ ಎಂದರೆ ಬಂದದ್ದೂ ತಿಳಿಯಿತು, ಸೌಜನ್ಯವೂ ಆಯಿತು. ಎರಡನೆಯದು ಅವರ ಮೇಲ್‌ನಿಂದಲೇ ತಿಳಿದದ್ದು, ಅದನ್ನು ಮತ್ತೆ ಹೇಳುವುದು ದಂಡ. ಮೂರನೆಯದು ಕರ್ಮಣಿ, ‘ವಾಸ್ ಡ್ಯಾಮೇಜ್ಡ್ ಇನ್ ಟ್ರಾನ್ಸಿಟ್’ ಎಂದರೆ ಎಲ್ಲಿ ಹಾಳಾಯಿತು ಎಂಬುದೂ ಸೇರಿತು. ನಾಲ್ಕನೆಯದರಲ್ಲಿ ಬದಲಾಯಿಸಿ ಕೊಡುವವರು ಯಾರು ಎಂಬುದು ಮರೆಯಾಗಿದೆ. ‘ವಿ ವಿಲ್ ಸೆಂಡ್ ಎ ರಿಪ್ಲೇಸ್‌ಮೆಂಟ್’ ಎಂದರೆ ಹೊಣೆ ನಿಮ್ಮದೆಂದು ಒಪ್ಪಿಕೊಂಡಂತೆ. ಐದನೆಯ ‘ಗೆಟ್ ಬ್ಯಾಕ್ ಟು ಯು’ ಯಾವತ್ತು ಎಂದು ಹೇಳುವುದಿಲ್ಲ. ಅದನ್ನು ‘ರಿವರ್ಟ್ ಬ್ಯಾಕ್’ ಎಂದು ತಿದ್ದುವವರಿದ್ದಾರೆ, ಅದು ಇನ್ನೂ ಹದಗೆಟ್ಟದ್ದು. ‘ಬೈ ಥರ್ಸ್‌ಡೇ’ ಎಂದು ದಿನ ಸೇರಿಸಿದರೆ ಗೆಟ್ ಬ್ಯಾಕ್ ಇದ್ದರೂ ಅಡ್ಡಿಯಿಲ್ಲ.

ತೆಗೆಯಬಾರದ ಗೆಟ್‌ಗಳೂ ಇವೆ. ‘ಗೆಟ್ ರಿಡ್ ಆಫ್’, ‘ಗೆಟ್ ಅಲಾಂಗ್ ವಿತ್’, ‘ಗೆಟ್ ಅವೇ ವಿತ್’ ಇವುಗಳ ಅರ್ಥವನ್ನು ಒಂದೇ ಪದದಲ್ಲಿ ತರಲು ಹೊರಟರೆ ಏನಾದರೂ ಸೋರಿಹೋಗುತ್ತದೆ. ತಪ್ಪು ಮಾಡಿ ಶಿಕ್ಷೆಯಿಂದ ಪಾರಾಗುವುದೆಂಬ ಮೂರನೆಯದಕ್ಕಂತೂ ‘ಎಸ್ಕೇಪ್’ ಹಾಕಿದರೆ ತಪ್ಪು ಮಾಡಿದ್ದೇ ಮರೆಯಾಗುತ್ತದೆ. ಇನ್ನು ಆಸ್ಪತ್ರೆಯಲ್ಲಿರುವವರಿಗೆ ಕಳಿಸುವ ಕಾರ್ಡಿನಲ್ಲಿ ‘ಗೆಟ್ ವೆಲ್ ಸೂನ್’ ಬದಲು ‘ಅಟೇನ್ ವೆಲ್‌ನೆಸ್’ ಎಂದು ಬರೆದರೆ ಓದುವವರಿಗೆ ಅದು ಯಾವುದೋ ಯೋಗಕೇಂದ್ರದ ಜಾಹೀರಾತು.